ಕತ್ತರಿಸುವ ದಿನ ಒಮ್ಮೆ ಬಂದು ನೋಡಿ: ಅಪಘಾತದ ಕಾರುಗಳ ರಿಪೇರಿಗೆ ಸಹಿ ಹಾಕುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಅಪಘಾತವಾದ ಕಾರುಗಳ ಕ್ಲೇಮ್ ಪಾಸ್ ಮಾಡುವ ಇನ್ಶೂರೆನ್ಸ್ ಕಂಪನಿಯವರಿಗೆ, ಹಾನಿ ಎಷ್ಟು ಎಂದು ಲೆಕ್ಕ ಹಾಕಲು ಬರುವ ಸರ್ವೇಯರ್‌ಗಳಿಗೆ, ರಿಪೇರಿಯಾದ ಗಾಡಿ ಮತ್ತೆ ರಸ್ತೆಗೆ ಇಳಿಯಬಹುದು ಎಂದು ಒಪ್ಪಿಗೆ ಕೊಡುವ ಸಾರಿಗೆ ಅಧಿಕಾರಿಗಳಿಗೆ ಈ ಪತ್ರ ಬರೆಯುತ್ತಿದ್ದೇನೆ. ನಾನು 22 ವರ್ಷದಿಂದ ಟಿಂಕರಿಂಗ್ ಕೆಲಸ ಮಾಡಿಕೊಂಡು ಬಂದವನು. ಗುದ್ದಿದ ಕಾರನ್ನು ಬಿಚ್ಚುವುದು, ಎಳೆಯುವುದು, ಕೆಟ್ಟ ಭಾಗ ಕತ್ತರಿಸಿ ತೆಗೆಯುವುದು, ಹೊಸದನ್ನು ಕೂರಿಸುವುದು, ಇದೇ ನನ್ನ ಬದುಕು.

ನೀವು ಒಂದು ಕಾರನ್ನು ಸಾಮಾನ್ಯವಾಗಿ ಎರಡು ಸಲ ನೋಡುತ್ತೀರಿ. ಮೊದಲ ಸಲ ಅದು ಜಜ್ಜಿ ಹೋಗಿ ಗ್ಯಾರೇಜಿನ ಮೂಲೆಯಲ್ಲಿ ನಿಂತಿರುತ್ತದೆ. ಆಗ ಫೋಟೋ ತೆಗೆಯುತ್ತೀರಿ, ಯಾವ ಪಾರ್ಟ್ ಬದಲಿಸಬೇಕು, ಯಾವುದನ್ನು ಸರಿ ಮಾಡಬೇಕು ಎಂದು ಪಟ್ಟಿ ಮಾಡುತ್ತೀರಿ. ಎರಡನೇ ಸಲ ಬರುವಾಗ ಪೇಂಟ್ ಆಗಿ, ಪಾಲಿಶ್ ಆಗಿ, ಥಳಥಳ ಹೊಳೆಯುತ್ತಿರುತ್ತದೆ. ಬಾಗಿಲು ತೆಗೆದು ಹಾಕಿ ನೋಡುತ್ತೀರಿ. ಸಂದುಗಳು ಸಮ ಇದ್ದರೆ ಸಹಿ ಬೀಳುತ್ತದೆ.

ಈ ಎರಡರ ನಡುವೆ ಒಂದು ದಿನ ಇದೆ. ಹಳೆಯ ಭಾಗವನ್ನು ಕತ್ತರಿಸಿ ತೆಗೆದಾಗಿದೆ, ಹೊಸದು ಇನ್ನೂ ಕೂತಿಲ್ಲ. ಕಾರಿನ ಹೊಟ್ಟೆ ಬಗೆದು ಇಟ್ಟ ಹಾಗೆ ಎಲ್ಲವೂ ಬಯಲಾಗಿರುತ್ತದೆ. ರಿಪೇರಿ ಸರಿಯಾಗಿದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಿ ಹೇಳಬಹುದಾದ ದಿನ ಅದೊಂದೇ. ಆ ದಿನ ಬಂದು ನೋಡಿದವರು ನನ್ನ ಇಷ್ಟು ವರ್ಷದಲ್ಲಿ ಬೆರಳೆಣಿಕೆಯಷ್ಟು ಮಂದಿ. ಆ ದಿನವನ್ನು ನಿಮ್ಮ ನಿಯಮದ ಒಳಗೆ ತನ್ನಿ ಎಂದು ಕೇಳಿಕೊಳ್ಳಲು ಈ ಪತ್ರ.

ಒಂದು ಕಾರಿನ ವಿಷಯ ಹೇಳುತ್ತೇನೆ. ಬೇರೆ ಕಡೆ ಒಮ್ಮೆ ರಿಪೇರಿಯಾಗಿ, ಎರಡು ವರ್ಷ ಓಡಿ, ಮತ್ತೆ ಅದೇ ಪಕ್ಕಕ್ಕೆ ಸಣ್ಣ ಪೆಟ್ಟು ತಿಂದು ನಮ್ಮಲ್ಲಿಗೆ ಬಂದಿತ್ತು. ಪೆಟ್ಟು ದೊಡ್ಡದೇನಲ್ಲ. ಆದರೆ ಬಾಗಿಲ ನಡುವಿನ ಕಂಬ, ನಾವು ಬಿ ಪಿಲ್ಲರ್ ಎನ್ನುವುದು, ಅಷ್ಟು ಪೆಟ್ಟು ಬಿದ್ದರೆ ಒಳಗೆ ಬರಬೇಕಾದ್ದಕ್ಕಿಂತ ಜಾಸ್ತಿ ಬಂದಿತ್ತು. ಏನೋ ಸರಿ ಇಲ್ಲ ಅನ್ನಿಸಿತು. ಬೆರಳ ಗೆಣ್ಣಿನಿಂದ ಕುಟ್ಟಿದೆ. ಮೇಲೆ ಟಣ್ ಎಂದಿತು. ಕೆಳಗೆ, ಬಾಗಿಲ ಅಡಿಯ ರನ್ನಿಂಗ್ ಬೋರ್ಡ್ ಸೇರುವ ಕಡೆ, ಮಣ್ಣಿನ ಗೋಡೆ ಬಡಿದ ಹಾಗೆ ಮಂದ ಸದ್ದು. ಪೇಂಟ್ ಕೆರೆದರೆ ಪುಟ್ಟಿ. ಹೆಬ್ಬೆರಳ ಅಗಲ ಪುಟ್ಟಿ. ಅದನ್ನೂ ಕೆರೆದೆ. ಅಡಿಯಲ್ಲಿ ಉದ್ದಕ್ಕೆ ಗ್ರೈಂಡರ್ ಹೊಡೆದ ಗೀರು, ಅದರ ಮೇಲೆ ಅಲ್ಲೊಂದು ಇಲ್ಲೊಂದು ವೆಲ್ಡಿಂಗ್ ಚುಕ್ಕೆ.

ಹೊರಗಿನ ತಗಡು ತೆಗೆದ ಮೇಲೆ ನಿಜ ಗೊತ್ತಾಯಿತು. ಮೊದಲು ಕೆಲಸ ಮಾಡಿದವರು ಹೊರಗಿನ ತಗಡನ್ನು ಕತ್ತರಿಸುವಾಗ ಕಟಿಂಗ್ ವೀಲನ್ನು ಆಳಕ್ಕೆ ಇಳಿಸಿಬಿಟ್ಟಿದ್ದರು. ಒಳಗಿದ್ದ ಗಟ್ಟಿ ಕಬ್ಬಿಣದ ಪಟ್ಟಿಯ ಮೇಲೆ ಒಂದು ಗೇಣು ಉದ್ದದ ಸೀಳು. ಆ ಪಟ್ಟಿಗೋಸ್ಕರವೇ ಅಲ್ವಾ ಆ ಕಂಬ ಇರುವುದು? ಅದು ಅರ್ಧ ಸೀಳಿದ್ದರೂ ಯಾರೂ ಮುಟ್ಟಿರಲಿಲ್ಲ. ಹೊಸ ತಗಡು ಮುಚ್ಚಿ, ಪುಟ್ಟಿ ಎಳೆದು, ಬಣ್ಣ ಹೊಡೆದು ಕಳಿಸಿದ್ದರು. ಸೀಳಿನ ಅಂಚಿನಿಂದ ತುಕ್ಕು ಇಳಿದು, ಬೆರಳಿಟ್ಟರೆ ಪುಡಿ ಉದುರುತ್ತಿತ್ತು. ಆ ಕಾರಿನ ಕಾಗದಗಳೆಲ್ಲ ಸರಿಯಾಗಿದ್ದವು. ಸಹಿ ಇತ್ತು, ಮುದ್ರೆ ಇತ್ತು. ಸಹಿ ಹಾಕಿದವರು ತಪ್ಪು ಮಾಡಿದರು ಎಂದು ನಾನು ಹೇಳುವುದಿಲ್ಲ. ಅವರಿಗೆ ಕಾಣಿಸುವ ಹೊತ್ತಿನಲ್ಲಿ ಅವರನ್ನು ಯಾರೂ ಕರೆದಿರಲಿಲ್ಲ, ಅಷ್ಟೇ.

ಆ ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ಸೀಟ್ ಕಟ್ಟಿತ್ತು. ಅದು ಸೀಳಿದ್ದ ಕಂಬದ ಕಡೆಗೇ ಇತ್ತು.

ಹಳೆ ಕಾಲದ ಗಾಡಿಗಳಲ್ಲಿ ಕೆಳಗೆ ಏಣಿಯಂಥ ಚಾಸಿ, ಅದರ ಮೇಲೆ ಬಾಡಿ. ಬಾಡಿ ಜಜ್ಜಿದರೂ ಚಾಸಿ ನೆಟ್ಟಗಿದ್ದರೆ ಗಾಡಿ ಗಟ್ಟಿ. ಈಗಿನ ಹೆಚ್ಚಿನ ಕಾರುಗಳಲ್ಲಿ ಹಾಗಿಲ್ಲ. ಬಾಡಿಯೇ ಚಾಸಿ. ನೆಲದ ತಗಡು, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಕಂಬಗಳು, ಛಾವಣಿಯ ಪಕ್ಕದ ತೊಲೆ, ಎಂಜಿನ್‌ನ ಎರಡೂ ಪಕ್ಕ ಮುಂದಕ್ಕೆ ಚಾಚಿರುವ ಚಾಸಿ ಲೆಗ್, ಎಲ್ಲವೂ ಸೇರಿ ಒಂದೇ ಪೆಟ್ಟಿಗೆ. ಇವನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಸಾವಿರಾರು ಸ್ಪಾಟ್ ವೆಲ್ಡ್‌ಗಳು, ಅಂದರೆ ಎರಡು ತಗಡನ್ನು ಚುಕ್ಕೆ ಚುಕ್ಕೆಯಾಗಿ ಬೆಸೆದ ಜಾಗಗಳು. ಒಂದು ಸಾಧಾರಣ ಕಾರಿನಲ್ಲಿ 4,000ದಿಂದ 5,000 ಇರುತ್ತವೆ. ಒಂದೊಂದೂ ಕಡಲೆಕಾಳಿಗಿಂತ ಚಿಕ್ಕದು.

ಈ ಪೆಟ್ಟಿಗೆಯ ಎಲ್ಲ ಭಾಗಕ್ಕೂ ಒಂದೇ ಕೆಲಸ ಇಲ್ಲ. ಮುಂದಿನದು, ಹಿಂದಿನದು ಮಡಚಿಕೊಳ್ಳಬೇಕು. ನಡುವೆ ಜನ ಕೂರುವ ಭಾಗ ಮಡಚಬಾರದು. ಇದನ್ನು ಮೊದಲು ಯೋಚಿಸಿದವರು ಮರ್ಸಿಡಿಸ್ ಕಾರು ತಯಾರಿಸುತ್ತಿದ್ದ ಡೈಮ್ಲರ್-ಬೆಂಜ್‌ನಲ್ಲಿದ್ದ ಬೇಲಾ ಬರೇನಿ ಎಂಬ ಎಂಜಿನಿಯರ್. 1951ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1959ರಲ್ಲಿ ಬಂದ ಮರ್ಸಿಡಿಸ್ ಡಬ್ಲ್ಯೂ111 ಆ ಯೋಚನೆಯ ಮೇಲೆ ಕಟ್ಟಿದ ಕಾರು. ಅಲ್ಲಿಯವರೆಗೆ ಕಾರು ಕಲ್ಲಿನ ಹಾಗೆ ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂದೇ ಜನ ನಂಬಿದ್ದರು. ಚಾಸಿ ಲೆಗ್ ಮೇಲೆ ನೀವು ನೋಡುವ ಸಣ್ಣ ಸಣ್ಣ ತಗ್ಗು, ಮಡಿಕೆ, ತೂತುಗಳೆಲ್ಲ ಅಂದಕ್ಕೆ ಮಾಡಿದ್ದಲ್ಲ. ಗುದ್ದಿದಾಗ ಮೊದಲು ಇಲ್ಲಿ ಮಡಚು, ಆಮೇಲೆ ಇಲ್ಲಿ ಎಂದು ಆ ಕಬ್ಬಿಣಕ್ಕೆ ಹೇಳಿಟ್ಟ ಮಾತು ಅದು. ಏರ್‌ಬ್ಯಾಗ್ ಯಾವ ಕ್ಷಣ ಬಿಚ್ಚಬೇಕು ಎನ್ನುವ ಲೆಕ್ಕ ಕೂಡ ಆ ಮಡಚುವಿಕೆಯನ್ನೇ ನಂಬಿಕೊಂಡಿದೆ. ಅಲ್ಲಿ ಯಾರೋ ಗಟ್ಟಿಯಾಗಲಿ ಎಂದು ಮೇಲೊಂದು ತಗಡಿನ ತೇಪೆ ಹಾಕಿದರೆ ಲೆಕ್ಕ ತಪ್ಪುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಹಾಕಿರುತ್ತಾರೆ, ಅದು ಬೇರೆ ಮಾತು.

ಇನ್ನು ಕಬ್ಬಿಣ. ಹಳೆಯ ಮೆದು ಕಬ್ಬಿಣದ ತಗಡು ಹರಿಯಲು ಸುಮಾರು 300 ಮೆಗಾಪಾಸ್ಕಲ್ (ಎಳೆತದ ಬಲ ಅಳೆಯುವ ಮಾನ) ಎಳೆತ ಬೇಕು. ಈಗ ಕಂಬಗಳ ಒಳಗೆ ಹಾಕುವ ಬೋರಾನ್ ಉಕ್ಕಿಗೆ ಸುಮಾರು 1,500 ಬೇಕು, ಅಂದರೆ ಐದು ಪಟ್ಟು. ಆ ಉಕ್ಕನ್ನು 900 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಕಾಯಿಸಿ, ಕೆಂಪಗಿರುವಾಗಲೇ ತಣ್ಣನೆಯ ಅಚ್ಚಿನಲ್ಲಿ ಒತ್ತಿ, ಒತ್ತಿದಲ್ಲೇ ಆರಿಸುತ್ತಾರೆ. ಆ ಗಟ್ಟಿತನ ಬರುವುದು ಹೀಗೆ. ಗ್ಯಾರೇಜಿನಲ್ಲಿ ಗ್ಯಾಸ್ ಟಾರ್ಚ್ ಹಿಡಿದು ಮತ್ತೆ ಕಾಯಿಸಿದರೆ ಆ ಗುಣ ಹೋಗುತ್ತದೆ. ನೋಡಲು ಅದೇ ಉಕ್ಕು, ಅದೇ ಆಕಾರ. ಶಕ್ತಿ ಮಾತ್ರ ಇಲ್ಲ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಟಾರ್ಚ್ ಹಿಡಿದರೆ ಮೇಣದ ಹಾಗೆ ಕಬ್ಬಿಣ ಬಗ್ಗಿಸುತ್ತಿದ್ದರು. ಅವರ ಕಾಲದ ಕಬ್ಬಿಣಕ್ಕೆ ಅದು ಸರಿ ಇತ್ತು. ಕಬ್ಬಿಣ ಬದಲಾಯಿತು, ಆದರೆ ಎಷ್ಟೋ ಕಡೆ ಕೈ ಬದಲಾಗಲಿಲ್ಲ. ಅವರನ್ನು ಬೈದು ಪ್ರಯೋಜನ ಇಲ್ಲ. ಕಲಿಸಿದವರು ಯಾರು?

ಈಗ ಕತ್ತರಿಸುವ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ತುಂಬ ಜನ ಎಸ್ಟಿಮೇಟ್ ನೋಡಿ ನಮಗೆ ಕೇಳುವ ಪ್ರಶ್ನೆ ಒಂದಿದೆ. "ಈ ಪಾರ್ಟನ್ನೇ ಬದಲಿಸ್ತೀರಿ ಅಂದಮೇಲೆ ಅದನ್ನು ಎಳೆಯೋಕೆ ಯಾಕೆ ಕೂಲಿ ಗಂಟೆ ಹಾಕಿದ್ದೀರಿ? ಹೇಗೂ ಗುಜರಿಗೆ ಹೋಗೋದಲ್ವಾ?"

ಕೇಳಲು ನ್ಯಾಯವಾಗೇ ಇದೆ. ಆದರೆ ಎಳೆಯದೆ ಕತ್ತರಿಸುವುದೇ ಅರ್ಧ ತಪ್ಪುಗಳ ಮೂಲ. ಗುದ್ದಿದ ಪೆಟ್ಟು ಜಜ್ಜಿದ ಜಾಗದಲ್ಲೇ ನಿಲ್ಲುವುದಿಲ್ಲ. ಚಾಸಿ ಲೆಗ್ ಮುಂದೆ ಮಡಚಿಕೊಂಡಾಗ ಅದರ ಬುಡದಲ್ಲಿ ನೆಲದ ತಗಡು ಸ್ವಲ್ಪ ಸುಕ್ಕಾಗಿರುತ್ತದೆ, ಡ್ಯಾಶ್‌ಬೋರ್ಡ್ ಹಿಂದಿನ ಗೋಡೆ ಕೂದಲೆಳೆಯಷ್ಟು ಹಿಂದೆ ಹೋಗಿರುತ್ತದೆ, ಬಾಗಿಲ ಮುಂದಿನ ಕಂಬ ಒಂದಿಷ್ಟು ವಾಲಿರುತ್ತದೆ. ಇವುಗಳನ್ನು ಸ್ವಸ್ಥಾನಕ್ಕೆ ತರಲು ನಮಗಿರುವ ಹಿಡಿ ಯಾವುದು? ಜಜ್ಜಿದ ಆ ಭಾಗವೇ. ಅದು ಇನ್ನೂ ಬಾಡಿಗೆ ಅಂಟಿಕೊಂಡಿರುವಾಗಲೇ ಅದಕ್ಕೆ ಕ್ಲಾಂಪ್ ಹಾಕಿ, ಕಾರನ್ನು ಬೆಂಚಿಗೆ, ಅಂದರೆ ಎಳೆಯಲೆಂದೇ ಇರುವ ಕಬ್ಬಿಣದ ಚೌಕಟ್ಟಿಗೆ ಬಿಗಿದು, ಪೆಟ್ಟು ಬಂದ ದಾರಿಗೆ ಎದುರಾಗಿ ಮೆಲ್ಲಗೆ ಎಳೆಯಬೇಕು. ಎಳೆದು, ನಿಲ್ಲಿಸಿ, ಅಳೆಯಬೇಕು. ಅಕ್ಕಪಕ್ಕದ ಭಾಗಗಳು ತಮ್ಮ ಜಾಗಕ್ಕೆ ಬಂದ ಮೇಲೆ ಕತ್ತರಿಸಬೇಕು. ಮೊದಲೇ ಕತ್ತರಿಸಿದರೆ ಹಿಡಿಯೇ ಹೋಯಿತು. ವಾಲಿದ ಕಂಬ ವಾಲಿದ ಹಾಗೇ ಉಳಿಯುತ್ತದೆ. ಹೊಸ ಪಾರ್ಟ್ ತಂದರೆ ಕೂರುವುದಿಲ್ಲ. ಆಗ ಕೆಲಸಗಾರ ಏನು ಮಾಡುತ್ತಾನೆ? ಹೊಸ ಪಾರ್ಟನ್ನೇ ಬಡಿದು, ತೂತು ದೊಡ್ಡದು ಮಾಡಿ, ಎಳೆದು ಕೂರಿಸುತ್ತಾನೆ. ಬಾನೆಟ್ ಸಂದು ಸಮ ಬಂತು ಎಂದು ಎಲ್ಲರಿಗೂ ಸಮಾಧಾನ. ಒಳಗೆ ಸಸ್ಪೆನ್ಷನ್ ಕೂರುವ ಜಾಗ ಅರ್ಧ ಬೆರಳು ಆಚೆ ಇರುತ್ತದೆ. ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರ್ ಒಂದೇ ಪಕ್ಕ ಸವೆಯುತ್ತದೆ. ಮಾಲೀಕರು ವರ್ಷಗಟ್ಟಲೆ ವೀಲ್ ಅಲೈನ್‌ಮೆಂಟ್ ಮಾಡಿಸುತ್ತಲೇ ಇರುತ್ತಾರೆ.

ಸಾಮಾನ್ಯವಾಗಿ ಬಾಡಿಯ ಅಳತೆಯ ಗುರುತುಗಳು ಕಾರು ತಯಾರಿಸಿದ ಕಂಪನಿ ಹೇಳಿದ ಜಾಗದಿಂದ 3 ಮಿಲಿಮೀಟರ್ ಒಳಗಿರಬೇಕು. ಮೂರು ಮಿಲಿಮೀಟರ್ ಅಂದರೆ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಅದನ್ನು ಕಣ್ಣಂದಾಜಿನಲ್ಲಿ ನೋಡಲು ನನ್ನಿಂದಾಗುವುದಿಲ್ಲ, ಯಾರಿಂದಲೂ ಆಗುವುದಿಲ್ಲ. ಅಳತೆಯ ಸಾಧನ ಬೇಕು, ಅಳೆಯಲು ಹೊತ್ತು ಬೇಕು. ಹಾಗಾಗಿ ಎಳೆಯುವ ಗಂಟೆ, ಅಳೆಯುವ ಗಂಟೆ ಎಸ್ಟಿಮೇಟ್‌ನಲ್ಲಿ ಕಂಡರೆ ದಯವಿಟ್ಟು ಅದನ್ನು ಹೊಡೆದುಹಾಕಬೇಡಿ. ಅದು ನಾವು ಸುಮ್ನೆ ಸೇರಿಸಿದ ದುಡ್ಡಲ್ಲ.

ಸರಿ, ಎಳೆದಾಯಿತು, ಅಳೆದಾಯಿತು. ಇನ್ನು ಬಿಚ್ಚಬೇಕು. ಒಂದು ಸ್ಪಾಟ್ ವೆಲ್ಡ್ ಬಿಡಿಸುವುದು ಹೇಗೆ ಎಂದು ಹೇಳಿದರೆ ಮಿಕ್ಕಿದ್ದು ನಿಮಗೇ ಅರ್ಥವಾಗುತ್ತದೆ.

ಮೊದಲು ವೆಲ್ಡ್ ಎಲ್ಲಿದೆ ಎಂದು ಹುಡುಕಬೇಕು. ಬಣ್ಣದ ಅಡಿಯಲ್ಲಿ, ಸಂದಿ ಮುಚ್ಚಲು ಬಳಿದ ಸೀಲರ್ ಅಡಿಯಲ್ಲಿ ಅಡಗಿರುತ್ತದೆ. ಬೆಂಕಿ ಹಿಡಿದು ಸುಡದೆ ಕೆರೆಯಬೇಕು, ಬ್ರಷ್ ಹೊಡೆಯಬೇಕು. ಆಗ ತಗಡಿನ ಮೇಲೆ ಒಂದು ಸಣ್ಣ ದುಂಡು ತಗ್ಗು ಕಾಣುತ್ತದೆ, ಪಾತ್ರೆಗೆ ಹೆಬ್ಬೆರಳು ಒತ್ತಿದ ಹಾಗೆ. ಅದರ ನಡುವಿಗೆ ಚುಕ್ಕೆ ಹೊಡೆದು, 8 ಮಿಲಿಮೀಟರಿನ ಚಪ್ಪಟೆ ಮೂತಿಯ ಡ್ರಿಲ್ ಬಿಟ್ ಇಟ್ಟು ಕೊರೆಯಬೇಕು. ಮೇಲಿನ ತಗಡು ಒಂದು ಮಿಲಿಮೀಟರ್ ಆಸುಪಾಸು ದಪ್ಪ. ಅದನ್ನು ಮಾತ್ರ ದಾಟಬೇಕು. ಕೆಳಗಿನ ತಗಡು ಕಾರಿನಲ್ಲಿ ಉಳಿಯುವಂಥದ್ದು, ಹೊಸ ಪಾರ್ಟ್ ಅದರ ಮೇಲೇ ಕೂರಬೇಕು. ಅದನ್ನು ಕೊರೆಯಬಾರದು. ಮೇಲಿನ ತಗಡು ದಾಟುವ ಹೊತ್ತಿಗೆ ಡ್ರಿಲ್ ಸದ್ದು ಒಂಚೂರು ಬದಲಾಗುತ್ತದೆ, ಕೈಗೆ ಒಂದು ಸಣ್ಣ ಸಡಿಲ ಸಿಗುತ್ತದೆ. ಅಲ್ಲಿ ನಿಲ್ಲಿಸಬೇಕು. ಆಮೇಲೆ ತೆಳು ಉಳಿಯನ್ನು ಎರಡು ತಗಡಿನ ನಡುವೆ ತೂರಿಸಿ ಮೆಲ್ಲಗೆ ತಟ್ಟಿದರೆ ಟಕ್ ಎಂದು ಬಿಡುತ್ತದೆ. ಬಿಡದಿದ್ದರೆ ಬಲ ಹಾಕಬಾರದು, ಇನ್ನೊಂದು ಸ್ವಲ್ಪ ಕೊರೆಯಬೇಕು. ಬಲ ಹಾಕಿದರೆ ಕೆಳಗಿನ ತಗಡು ಹರಿಯುತ್ತದೆ. ಬಿಟ್ಟ ಮೇಲೆ ಉಳಿದ ಗಂಟನ್ನು ಸಮವಾಗಿ ಉಜ್ಜಬೇಕು. ಜಾಸ್ತಿ ಉಜ್ಜಿದರೆ ಅಂಚು ತೆಳುವಾಗುತ್ತದೆ, ತುಕ್ಕು ತಡೆಯುವ ಸತುವಿನ ಲೇಪ ಹೋಗುತ್ತದೆ.

ಇದು ಒಂದು ವೆಲ್ಡ್. ಒಂದು ಪಕ್ಕದ ಕಂಬ ಮತ್ತು ರನ್ನಿಂಗ್ ಬೋರ್ಡ್ ತೆಗೆಯಲು ಇಂಥವು ಹತ್ತಾರು, ಕೆಲವೊಮ್ಮೆ ನೂರರ ಹತ್ತಿರ. ಬೋರಾನ್ ಉಕ್ಕಾದರೆ ಸಾಧಾರಣ ಬಿಟ್ ಮೂತಿ ಸುಟ್ಟು ಮೊಂಡಾಗುತ್ತದೆ. ಕಾರ್ಬೈಡ್ ಬಿಟ್ ಬೇಕು, ನಿಧಾನವಾಗಿ ತಿರುಗಿಸಬೇಕು, ಸಮನಾಗಿ ಒತ್ತಬೇಕು. ಇದೇ ಕೆಲಸವನ್ನು ಗ್ಯಾಸ್ ಕಟರ್ ಹಿಡಿದು ಹತ್ತು ನಿಮಿಷದಲ್ಲಿ ಮುಗಿಸಬಹುದು. ಹೊಸ ಪಾರ್ಟ್ ಮುಚ್ಚಿದ ಮೇಲೆ ಎರಡೂ ನೋಡಲು ಒಂದೇ. ನೀವು ಕೊಡುವ ಗಂಟೆಯೂ ಎರಡಕ್ಕೂ ಒಂದೇ. ಯಾರು ಯಾವುದನ್ನು ಆರಿಸುತ್ತಾರೆ, ನೀವೇ ಹೇಳಿ.

ಎಲ್ಲ ಸಲ ಇಡೀ ಪಾರ್ಟ್ ಬಿಚ್ಚುವುದಿಲ್ಲ. ಕೆಲವೊಮ್ಮೆ ನಡುವೆ ಕತ್ತರಿಸಿ, ಅರ್ಧ ಮಾತ್ರ ಬದಲಿಸುತ್ತೇವೆ. ಅದು ತಪ್ಪಲ್ಲ, ಕಂಪನಿಯ ರಿಪೇರಿ ಕೈಪಿಡಿ ಒಪ್ಪಿದ್ದರೆ. ಎಲ್ಲಿ ಕತ್ತರಿಸಬಹುದು, ಒಳಗೆ ಆಸರೆ ಪಟ್ಟಿ ಇಡಬೇಕೋ ಬೇಡವೋ, ಒಳ ತಗಡಿನ ಗೀರು ಹೊರ ತಗಡಿನ ಗೀರಿನಿಂದ ಎಷ್ಟು ದೂರ ಇರಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಒಂದೇ ನೇರದಲ್ಲಿ ಎರಡೂ ಪದರ ಕತ್ತರಿಸಿ ಸೇರಿಸಿದರೆ ಆ ಜಾಗ ಹೊಸ ಬಾಗಿಲ ಕೀಲಿನ ಹಾಗೆ. ಮುಂದಿನ ಪೆಟ್ಟು ಬಿದ್ದಾಗ ಅಲ್ಲೇ ಮಡಚುತ್ತದೆ. ಸೀಟ್ ಬೆಲ್ಟ್ ಕಟ್ಟುವ ಜಾಗ, ಸಸ್ಪೆನ್ಷನ್ ಕೂರುವ ಜಾಗ, ಎಂಜಿನ್ ಹಿಡಿಯುವ ಜಾಗ, ಮೊದಲೇ ಹೇಳಿದೆನಲ್ಲ ಮಡಚಲೆಂದೇ ಇಟ್ಟ ತಗ್ಗುಗಳು, ಇವುಗಳ ಹತ್ತಿರ ಗೀರು ಬರಬಾರದು. ಬೋರಾನ್ ಉಕ್ಕಿನ ಭಾಗವನ್ನು ನಡುವೆ ಕತ್ತರಿಸಿ ಬೆಸೆಯಲು ಹೆಚ್ಚಿನ ಕಂಪನಿಗಳು ಒಪ್ಪುವುದಿಲ್ಲ. ಕಾರ್ಖಾನೆಯಲ್ಲಿ ಸೇರಿಸಿದ ಸಂದಿಯಿಂದ ಸಂದಿಗೆ ಇಡಿಯಾಗಿ ತೆಗೆಯಿರಿ ಎನ್ನುತ್ತವೆ.

ಬಗ್ಗಿದ್ದರೆ ಸರಿ ಮಾಡು, ಮುರಿದ ಹಾಗೆ ಮಡಚಿದ್ದರೆ ಬದಲಿಸು ಎಂದು ನಮ್ಮಲ್ಲಿ ಒಂದು ಹಳೆಯ ಮಾತಿದೆ. ಒಳ್ಳೆಯ ಮಾತೇ. ಆದರೆ ಅತಿ ಗಟ್ಟಿ ಉಕ್ಕಿಗೆ ಅದು ಸಾಲದು. ಅಲ್ಲಿ ಸ್ವಲ್ಪ ಬಗ್ಗಿದ್ದನ್ನೂ ಬದಲಿಸಬೇಕಾಗುತ್ತದೆ. "ಇಷ್ಟೇ ಬಗ್ಗಿದೆ, ಬಡಿದು ಸರಿ ಮಾಡಿ" ಎಂದು ನೀವು ಬರೆದರೆ ನಾವು ಬಡಿಯುತ್ತೇವೆ, ಸರಿಯಾದ ಹಾಗೆ ಕಾಣುತ್ತದೆ ಕೂಡ. ಬಡಿದ ಜಾಗದಲ್ಲಿ ಕಣ್ಣಿಗೆ ಕಾಣದ ಬಿರುಕು ಬಂದಿರುವುದು ಸಾಧ್ಯ.

ಅಲ್ಯೂಮಿನಿಯಂ ಬಾಡಿಯದ್ದು ಬೇರೆಯೇ ಕಥೆ. ರಿವೆಟ್, ಅಂಟು, ಬೇರೆ ಉಪಕರಣ, ಬೇರೆ ಕೋಣೆ. ಕಬ್ಬಿಣ ಉಜ್ಜಿದ ಡಿಸ್ಕ್‌ನಿಂದ ಅದನ್ನು ಉಜ್ಜಿದರೆ ಕಬ್ಬಿಣದ ಪುಡಿ ಹೊಕ್ಕು ಅಲ್ಲಿಂದಲೇ ತಿನ್ನತೊಡಗುತ್ತದೆ. ಆ ವಿಷಯಕ್ಕೆ ಇನ್ನೊಂದು ಪತ್ರವೇ ಬೇಕು, ಇಲ್ಲಿ ಬಿಡುತ್ತೇನೆ.

ಆದರೆ ನಮ್ಮ ಹುಡುಗರ ವಿಷಯ ಬಿಡಲಾಗುವುದಿಲ್ಲ. ಈಗಿನ ಕಂಬದೊಳಗೆ ಬರೀ ಗಾಳಿ ಇರುವುದಿಲ್ಲ. ಛಾವಣಿಯ ಪಕ್ಕದ ತೊಲೆಯಲ್ಲಿ ಕಿಟಕಿಗೆ ಪರದೆಯ ಹಾಗೆ ಇಳಿಯುವ ಕರ್ಟನ್ ಏರ್‌ಬ್ಯಾಗ್, ಅದಕ್ಕೆ ಗಾಳಿ ತುಂಬಿಸುವ ಉರುಳೆ. ಎಷ್ಟೋ ಕಾರುಗಳಲ್ಲಿ ಅದರೊಳಗೆ ಭಾರೀ ಒತ್ತಡದ ಅನಿಲ. ಬಿ ಪಿಲ್ಲರ್ ಬುಡದಲ್ಲಿ ಸೀಟ್ ಬೆಲ್ಟ್ ಬಿಗಿಮಾಡುವ ಸಣ್ಣ ಸಿಡಿಮದ್ದು. ಅಪಘಾತದಲ್ಲಿ ಒಂದು ಕಡೆಯದ್ದು ಸಿಡಿದು ಇನ್ನೊಂದು ಕಡೆಯದ್ದು ಹಾಗೇ ಉಳಿದಿರಬಹುದು. ಎಲ್ಲಿದೆ ಎಂದು ನೋಡದೆ ಗರಗಸ ಇಟ್ಟರೆ ಕೈ, ಕಣ್ಣು ಎರಡೂ ಹೋದಾವು. ಬ್ಯಾಟರಿ ತೆಗೆದು, ಕಂಪನಿ ಹೇಳಿದಷ್ಟು ಹೊತ್ತು ಕಾದು, ಅವನ್ನು ಬಿಚ್ಚಿಟ್ಟು ಆಮೇಲೆ ಕತ್ತರಿಸಬೇಕು. ಬ್ಯಾಟರಿ ಕಾರುಗಳಲ್ಲಿ ಕಿತ್ತಳೆ ಬಣ್ಣದ ತಂತಿ ಕಂಡರೆ, ಹೈ ವೋಲ್ಟೇಜ್ ಬಂದ್ ಮಾಡಲು ಕಲಿತವರು ಬರುವವರೆಗೆ ಯಾರೂ ಮುಟ್ಟಬಾರದು. ಕಂಬದೊಳಗೆ ಸದ್ದು ತಡೆಯಲು ತುಂಬಿದ ಫೋಮ್ ಇರುತ್ತದೆ. ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ, ಅದರ ಹೊಗೆ ವಿಷ. ಒಮ್ಮೆ ನನ್ನ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಹುಡುಗ ಆ ಹೊಗೆ ಕುಡಿದು ಮೂರು ದಿನ ಕೆಮ್ಮಿದ. ಅವನ ಮುಖಕ್ಕೆ ಒಂದು ಬಟ್ಟೆ ಕಟ್ಟಿತ್ತು, ಅಷ್ಟೇ ಅವನ ರಕ್ಷಣೆ. ಆತುರದ ಕೆಲಸದಲ್ಲಿ ಮೊದಲು ಬಲಿಯಾಗುವುದು ಇವರೇ.

2017ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಒಂದು ತೀರ್ಪು ಬಂತು. ಆಲಿಕಲ್ಲು ಬಿದ್ದು ಹಾಳಾದ 2010ರ ಹೋಂಡಾ ಫಿಟ್ ಕಾರಿನ ಛಾವಣಿ ಬದಲಿಸುವಾಗ, ಕಾರು ತಯಾರಿಸಿದ ಕಂಪನಿ ಹೇಳಿದ ಹಾಗೆ ವೆಲ್ಡ್ ಮಾಡದೆ ಅಂಟು ಹಾಕಿ ಕೂರಿಸಿದ್ದರು. ಆಮೇಲೆ ಆ ಕಾರು ಕೈ ಬದಲಾಯಿತು. ಸೆಕೆಂಡ್ ಹ್ಯಾಂಡ್ ಕೊಂಡ ಗಂಡ ಹೆಂಡತಿಗೆ ಛಾವಣಿ ಬದಲಾದದ್ದೇ ಗೊತ್ತಿರಲಿಲ್ಲ. 2013ರ ಡಿಸೆಂಬರ್‌ನಲ್ಲಿ ಅಪಘಾತವಾಗಿ, ಕಾರು ನಲುಗಿ ಬೆಂಕಿ ಹತ್ತಿತು. ಇಬ್ಬರೂ ಒಳಗೆ ಸಿಕ್ಕಿಬಿದ್ದರು. ಜೀವ ಉಳಿಯಿತು, ಆದರೆ ತುಂಬ ಕೆಟ್ಟ ಗಾಯಗಳಾದವು. ಜ್ಯೂರಿ ರಿಪೇರಿ ಮಾಡಿದವರನ್ನು ಹೊಣೆ ಮಾಡಿ, 3 ಕೋಟಿ ಡಾಲರ್‌ಗೂ ಜಾಸ್ತಿ ಪರಿಹಾರ ಕೊಡಬೇಕು ಎಂದಿತು. ನಾನು ಆ ದುಡ್ಡಿನ ಮೊತ್ತಕ್ಕಾಗಿ ಇದನ್ನು ಹೇಳುತ್ತಿಲ್ಲ. ಛಾವಣಿ ಕೂರಿಸುವ ಮೊದಲು, ಬರಿಯ ಅಂಚುಗಳು ಕಾಣುತ್ತಿದ್ದ ಆ ಒಂದು ದಿನ, ಯಾರಾದರೂ ಕೈಪಿಡಿಯ ಒಂದು ಪುಟ ಹಿಡಿದುಕೊಂಡು ಹೋಗಿ ನಿಂತಿದ್ದರೆ ಅಂಟಿನ ಟ್ಯೂಬ್ ಅಲ್ಲೇ ಕಾಣುತ್ತಿತ್ತು. ಅಷ್ಟು ಸುಲಭವಿತ್ತು.

ಹಾಗಾಗಿ ನಾನು ಕೇಳುವುದು ಇಷ್ಟು. ಕಂಬ, ರನ್ನಿಂಗ್ ಬೋರ್ಡ್, ಚಾಸಿ ಲೆಗ್, ಛಾವಣಿ, ನೆಲ, ಇಂಥ ಭಾರ ಹೊರುವ ಭಾಗ ಬದಲಿಸುವ ಪ್ರತಿ ರಿಪೇರಿಯಲ್ಲೂ ನಡುವೆ ಒಂದು ಕಡ್ಡಾಯ ನಿಲುಗಡೆ ಇಡಿ. ಹಳೆಯದು ತೆಗೆದ ಮೇಲೆ, ಹೊಸದು ಬೆಸೆಯುವ ಮೊದಲು, ಕೆಲಸ ನಿಲ್ಲಬೇಕು. ಸಾಧ್ಯವಾದರೆ ನೀವೇ ಬನ್ನಿ. ಆಗದಿದ್ದರೆ ನಾವು ಫೋಟೋ ಕಳಿಸುತ್ತೇವೆ. ದೂರದಿಂದ ತೆಗೆದ ಅಂದದ ಫೋಟೋ ಬೇಡ. ಅಂಚುಗಳ ಹತ್ತಿರದ ಫೋಟೋ, ಕೊರೆದ ಒಂದೊಂದು ವೆಲ್ಡ್ ಕಾಣುವ ಹಾಗೆ. ಎಳೆದ ಮೇಲಿನ ಅಳತೆಯ ಚೀಟಿ. ಆ ಮಾಡೆಲ್‌ಗೆ ಕಂಪನಿ ಬರೆದ ಕೈಪಿಡಿಯ ಪುಟ. ಅದೇ ದಪ್ಪದ ಎರಡು ತುಂಡು ತಗಡು ಬೆಸೆದು, ಹರಿದು ನೋಡಿದ ಪರೀಕ್ಷೆಯ ತುಂಡು. ತಗಡು ಹರಿದು ವೆಲ್ಡ್ ಉಳಿದಿದ್ದರೆ ನಮ್ಮ ಮಷಿನ್ ಸರಿ ಇದೆ ಎಂದು ಅರ್ಥ. ವೆಲ್ಡೇ ಬಿಟ್ಟುಕೊಂಡಿದ್ದರೆ ಕಾರಿಗೆ ಕೈ ಹಾಕಬಾರದು.

ಬಂದಾಗ ಏನು ನೋಡಬೇಕು ಎಂದು ಗಾಬರಿ ಬೇಡ, ಅದು ದೊಡ್ಡ ವಿದ್ಯೆ ಅಲ್ಲ. ಉಳಿದ ಅಂಚಿನ ಮೇಲೆ ಬೆರಳಾಡಿಸಿ. ನೆಟ್ಟಗಿದೆಯೇ, ಅಲೆಅಲೆಯಾಗಿದೆಯೇ? ಬೆಳಕಿಗೆ ಹಿಡಿದರೆ ಆರ್‌ಪಾರ್ ತೂತು ಕಾಣುತ್ತಿದೆಯೇ? ನೀಲಿ ಬಣ್ಣಕ್ಕೆ ತಿರುಗಿದ ಕಲೆ ಇದೆಯೇ? ಇದ್ದರೆ ಅಲ್ಲಿ ಬೆಂಕಿ ಆಡಿದೆ. ಒಳಗಿನ ಗಟ್ಟಿ ಪಟ್ಟಿಯ ಮೇಲೆ ಗ್ರೈಂಡರ್ ಗೀರು ಇದೆಯೇ? ಹಳೆಯ ತುಂಡು ನೆಲದ ಮೇಲೆ ಬಿದ್ದಿರುತ್ತದೆ, ಅದನ್ನೂ ತಿರುಗಿಸಿ ನೋಡಿ. ತೆಗೆದ ತುಂಡಿನ ಅಂಚು ದುಂಡು ದುಂಡು ತೂತಿನ ಸಾಲಾಗಿದ್ದರೆ ಕೊರೆದು ಬಿಡಿಸಿದ್ದಾರೆ. ಹಲ್ಲಿನಿಂದ ಕಚ್ಚಿ ಎಳೆದ ಹಾಗೆ ಹರಿದಿದ್ದರೆ ಹೇಗೆ ಬಿಡಿಸಿದ್ದಾರೆ ಎಂದು ನಾನು ಹೇಳಬೇಕಾಗಿಲ್ಲ. ತೆಗೆದ ತುಂಡನ್ನು ಕೊನೆಯ ಸಹಿ ಬೀಳುವವರೆಗೆ ಗುಜರಿಗೆ ಹಾಕಬಾರದು ಎಂದು ಒಂದು ನಿಯಮ ಮಾಡಿದರೂ ಸಾಕು, ತುಂಬ ಬದಲಾಗುತ್ತದೆ.

ಇನ್ನೊಂದು ಮಾತು, ಇದನ್ನು ಹೇಳದೆ ಹೋದರೆ ಪತ್ರ ಅರೆಬರೆ. ಸರಿಯಾಗಿ ತೆಗೆಯಲು ಹಿಡಿಯುವ ಹೊತ್ತಿಗೆ ದುಡ್ಡು ಕೊಡಿ. ಕೈಪಿಡಿ ಓದುವ ಹೊತ್ತು, ಏರ್‌ಬ್ಯಾಗ್ ಬಿಚ್ಚುವ ಹೊತ್ತು, ವೆಲ್ಡ್ ಕೊರೆಯುವ ಹೊತ್ತು, ಕೊನೆಗೆ ಒಳಗಡೆ ತುಕ್ಕು ತಡೆಯುವ ಮೇಣ ಸಿಂಪಡಿಸುವ ಹೊತ್ತು. ಆ ಮೇಣ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅದಿಲ್ಲದ ಪೆಟ್ಟಿಗೆ ಒಳಗಿನಿಂದಲೇ ತಿಂದು ಹೋಗುತ್ತದೆ. ಬರೀ ಕಾವಲು ಇಟ್ಟು ಕೂಲಿ ಕಡಿಮೆ ಮಾಡಿದರೆ ನಿಯತ್ತಿನ ಗ್ಯಾರೇಜು ಮುಚ್ಚುತ್ತದೆ, ಕಳ್ಳ ಕೆಲಸದವನು ಫೋಟೋ ತೆಗೆಯುವ ಕಲೆ ಕಲಿಯುತ್ತಾನೆ. ತಪ್ಪು ಮಾಡುವ ಗ್ಯಾರೇಜುಗಳನ್ನು ನಾನು ಇಲ್ಲಿ ಕಾಪಾಡುತ್ತಿಲ್ಲ. ಒಳಗಿನ ಪಟ್ಟಿ ಸೀಳಿದ ಮೇಲೆ ಅದರ ಮೇಲೆ ಪುಟ್ಟಿ ಮುಚ್ಚಿದವನಿಗೆ ತಾನು ಏನು ಮಾಡುತ್ತಿದ್ದೇನೆ ಎಂದು ಚೆನ್ನಾಗಿ ಗೊತ್ತಿತ್ತು.

ಕಾರಿನ ಮಾಲೀಕರೂ ಇದನ್ನು ಓದುತ್ತಿರಬಹುದು. ನಿಮ್ಮ ಕಾರಿನ ಕಂಬ ಅಥವಾ ಚಾಸಿ ಲೆಗ್ ಬದಲಿಸುತ್ತಿದ್ದಾರೆ ಎಂದು ಗೊತ್ತಾದರೆ, ಬಿಚ್ಚಿದ ದಿನದ ಫೋಟೋ ಕೊಡಿ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ. ಸರಿಯಾಗಿ ಕೆಲಸ ಮಾಡಿದವರು ಖುಷಿಯಿಂದ ತೋರಿಸುತ್ತಾರೆ, ನಾನಂತೂ ಬೇಡ ಎಂದರೂ ತೋರಿಸುತ್ತೇನೆ.

ಆ ಮಗುವಿನ ಸೀಟಿದ್ದ ಕಾರಿನ ಕಂಬವನ್ನು ನಾವು ಬುಡದಿಂದ ತೆಗೆದೆವು. ಹೊರ ತಗಡು, ನಡುವಿನ ಗಟ್ಟಿ ಪಟ್ಟಿ, ಒಳ ತಗಡು, ಮೂರೂ ಪದರ ಹೊಸದು ಹಾಕಲು ತಯಾರಾದೆವು. ಅಳೆದು, ಕೊರೆದು, ಉಜ್ಜಿ, ಬೆಸೆಯುವ ಮೊದಲು ನಾನು ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ, ಈಗ ಎಲ್ಲ ಬಿಚ್ಚಿದೆ, ಒಮ್ಮೆ ಬಂದು ನೋಡಿ ಎಂದೆ. ಆ ಕಡೆಯಿಂದ ಬಂದ ಉತ್ತರ, "ಪೇಂಟ್ ಆದಮೇಲೆ ಹೇಳಿ, ಬರ್ತೀವಿ."

ಮುಂದಿನ ಸಲ ನಿಮ್ಮ ಮೇಜಿನ ಮೇಲೆ ಇಂಥ ಫೈಲ್ ಬಂದಾಗ ಪೇಂಟ್ ಎಂದು ಆಗುತ್ತದೆ ಎಂದು ಕೇಳಬೇಡಿ. ಹಳೆಯದನ್ನು ಯಾವ ದಿನ ತೆಗೆಯುತ್ತೀರಿ ಎಂದು ಕೇಳಿ. ಆ ದಿನ ನಾವು ಕಾಯುತ್ತೇವೆ.

ಇಂತಿ,
ನಿಮ್ಮ ನಂಬುಗೆಯ
ಒಬ್ಬ ಟಿಂಕರಿಂಗ್ ಕೆಲಸಗಾರ